ಆನೆ ಮಾರ್ಕಿನ ಆಟದ ಪೆಟ್ಟಿಗೆ

ನಿಮ್ಮಲ್ಲಿ ಎಷ್ಟು ಜನ ಕ್ಯಾಸೆಟ್ಟಿಗೆ ಊದಿದ್ದೀರಿ? ಹಾಡಿನ ಕ್ಯಾಸೆಟ್ ಅಲ್ಲ ಸ್ವಾಮಿ, ವಿಡಿಯೋ ಗೇಮ್ ಕ್ಯಾಸೆಟ್. ಬೇಸಿಗೆ ರಜೆ, ಮಟಮಟ ಮಧ್ಯಾಹ್ನ, ಮನೆಯಲ್ಲಿರೋದು ಒಂದೇ ಟಿವಿ. ಹಳದಿ ಕ್ಯಾಸೆಟ್ ಚುಚ್ಚಿದರೆ ಪರದೆ ತುಂಬ ಬರೀ ಗೆರೆ. ತೆಗೆದು, ಬಾಯಿಗಿಟ್ಟು ಫೂ ಅಂತ ಊದಿ, ಮತ್ತೆ ಚುಚ್ಚಿದರೆ ಬಂತು ನೋಡಿ, ಮೀಸೆ ಮಾರಿಯೋ ಓಡ್ತಿದಾನೆ! ಅಷ್ಟರಲ್ಲಿ ಒಳಗಿನಿಂದ ಅಪ್ಪನ ಧ್ವನಿ: "ಟಿವಿ ಸುಟ್ಟುಹೋಗುತ್ತೆ ಕಣ್ರೋ, ಆಫ್ ಮಾಡ್ರಿ."

ಆ ಪೆಟ್ಟಿಗೆ ಯಾವ ಕಂಪನಿಯದು ಅಂತ ನೆನಪಿದೆಯಾ? ಬಹಳ ಜನಕ್ಕೆ ನೆನಪಿರಲ್ಲ. ನಮಗದು ಬರೀ "ವಿಡಿಯೋ ಗೇಮ್". ಜಾತ್ರೆಯಲ್ಲಿ ಸಿಕ್ಕಿದ್ದೋ, ಮೆಜೆಸ್ಟಿಕ್ಕಿನಿಂದ ಮಾವ ತಂದುಕೊಟ್ಟಿದ್ದೋ, ಅಷ್ಟೇ.

ಇದೇ ದೃಶ್ಯ, ಅದೇ ಕಾಲದಲ್ಲಿ, ನಮ್ಮಿಂದ ಸಾವಿರಾರು ಕಿಲೋಮೀಟರ್ ದೂರದ ಮಾಸ್ಕೋದ ಫ್ಲಾಟುಗಳಲ್ಲೂ ನಡೀತಿತ್ತು. ಅಲ್ಲಿನ ಅಪ್ಪಂದಿರೂ ಅದೇ ಮಾತು ಹೇಳುತ್ತಿದ್ದರು, ಆಟದ ಪೆಟ್ಟಿಗೆ ಹಾಕಿದರೆ ಪಿಕ್ಚರ್ ಟ್ಯೂಬ್ ಹೋಗಿಬಿಡುತ್ತೆ ಅಂತ. ಒಳಗಿನ ಯಂತ್ರವೂ ಹೆಚ್ಚುಕಡಿಮೆ ಅದೇ. ಒಂದೇ ವ್ಯತ್ಯಾಸ ಅಂದ್ರೆ, ಅಲ್ಲಿನ ಪೆಟ್ಟಿಗೆಗೆ ಒಂದು ಹೆಸರಿತ್ತು, ಒಂದು ಗುರುತಿತ್ತು. ಹೆಸರು ಡೆಂಡಿ. ಗುರುತು, ಒಂದು ಆನೆ. ಮಾರಿದ್ದು ಸ್ಟೀಪ್ಲರ್ ಅನ್ನೋ ಮಾಸ್ಕೋ ಕಂಪನಿ.

ನಕಲಿ ಮಾಲನ್ನು ಅಸಲಿಗಿಂತ ಚೆನ್ನಾಗಿ ಮಾರಿದ ಕಂಪನಿಯ ಕಥೆ ಇದು. ಕಳ್ಳ ಯಾರು, ಸಾಹುಕಾರ ಯಾರು ಅಂತ ಕೊನೆಗೆ ನೀವೇ ಹೇಳಿ.

ಮೊದಲು ಅಸಲಿ ಯಾವುದು ಅಂತ ನೋಡೋಣ. 1983ರ ಜುಲೈ 15. ಜಪಾನಿನ ನಿಂಟೆಂಡೋ ಕಂಪನಿ ಫ್ಯಾಮಿಕಾಂ ಅನ್ನೋ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಬೆಲೆ 14,800 ಯೆನ್. ಒಳಗೆ ಮುಖ್ಯವಾಗಿ ಎರಡು ಚಿಪ್. ಒಂದು ಲೆಕ್ಕ ಮಾಡೋದು, ಇನ್ನೊಂದು ಚಿತ್ರ ಬರೆಯೋದು. ಮುಖ್ಯ ಮೆಮೊರಿ ಎಷ್ಟು ಗೊತ್ತಾ? 2 ಕಿಲೋಬೈಟ್. ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಅದರ ಎಷ್ಟೋ ಪಟ್ಟು ಜಾಗ ತಿನ್ನುತ್ತೆ. ಅಷ್ಟು ಪುಟ್ಟ ಯಂತ್ರ, ಜಗತ್ತಿನಾದ್ಯಂತ 6 ಕೋಟಿಗೂ ಹೆಚ್ಚು ಮಾರಾಟವಾಯಿತು.

ಇಲ್ಲೊಂದು ಸೂಕ್ಷ್ಮ ಇದೆ. ಲೆಕ್ಕ ಮಾಡುವ ಆ ಚಿಪ್ಪಿನ ತಿರುಳು 6502 ಅನ್ನೋ ಅಮೆರಿಕದ ಪ್ರೊಸೆಸರ್‌ದು. ಫ್ಯಾಮಿಕಾಂಗಾಗಿ ಅದನ್ನು ತಯಾರಿಸಿದ್ದು ಜಪಾನಿನ ರಿಕೋ ಕಂಪನಿ. ಆ ಚಿಪ್ಪಿನಲ್ಲಿ ಎಲ್ಲವೂ ಇದೆ, ದಶಮಾಂಶ ಪದ್ಧತಿಯಲ್ಲಿ ಲೆಕ್ಕ ಮಾಡುವ ಭಾಗವನ್ನು ಮಾತ್ರ ನಿಷ್ಕ್ರಿಯ ಮಾಡಿದ್ದಾರೆ. ಅಮೆರಿಕದವರ ಪೇಟೆಂಟ್ ಇದ್ದದ್ದು ಯಾವುದರ ಮೇಲೆ? ಅದೇ ದಶಮಾಂಶದ ಭಾಗದ ಮೇಲೆ. ನಾನೇನೂ ಹೇಳಲ್ಲ. ಅಸಲಿ ಅಂತ ನಾವು ಕರೆಯೋದರ ಹೊಟ್ಟೆಯೊಳಗೂ ಇಂಥ ಸಂಗತಿ ಇರುತ್ತೆ ಅನ್ನೋದು ಗಮನದಲ್ಲಿರಲಿ, ಸಾಕು.

ಈಗ ನಕಲಿಗೆ ಬರೋಣ. 1985ರಲ್ಲಿ ನಿಂಟೆಂಡೋ ಇದೇ ಯಂತ್ರವನ್ನು ಬೇರೆ ಅಂಗಿ ತೊಡಿಸಿ ಅಮೆರಿಕಕ್ಕೆ ಕಳಿಸಿತು. ಅದರಲ್ಲಿ ಬೀಗದ ಚಿಪ್ ಇಟ್ಟಿದ್ದರು. ಕಂಪನಿಯ ಒಪ್ಪಿಗೆ ಇಲ್ಲದ ಕ್ಯಾಸೆಟ್ ಹಾಕಿದರೆ ಯಂತ್ರ ಓಡೋದೇ ಇಲ್ಲ. ಆದರೆ ಜಪಾನಿನ ಮೂಲ ಫ್ಯಾಮಿಕಾಂನಲ್ಲಿ ಆ ಬೀಗ ಇರಲಿಲ್ಲ. ಅಮೆರಿಕದ ಮನೆಗೆ ಬೀಗ, ಜಪಾನಿನ ಮನೆ ತೆರೆದ ಬಾಗಿಲು. ತೈವಾನ್‌ನವರು ನುಗ್ಗಿದ್ದು ತೆರೆದ ಬಾಗಿಲಿನಿಂದಲೇ. ಅಲ್ಲಿನ ಯುಎಂಸಿ ಕಂಪನಿ ಆ ಎರಡೂ ಚಿಪ್‌ಗಳ ಪ್ರತಿರೂಪ ತಯಾರಿಸಿತು. ಅದನ್ನು ಕೊಂಡು ಯಾರು ಬೇಕಾದರೂ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ ಆಟದ ಪೆಟ್ಟಿಗೆ ಮಾಡಬಹುದಿತ್ತು. ಮೈಕ್ರೋ ಜೀನಿಯಸ್ ಅನ್ನೋ ತೈವಾನ್ ಬ್ರ್ಯಾಂಡ್ ಹಾಗೆ ಹುಟ್ಟಿದ್ದು. ಡೆಂಡಿಯ ತವರುಮನೆಯೂ ಅದೇ.

ಹಾಗಂತ ತೈವಾನ್‌ನವರು ಬರೀ ಕಾಪಿ ಹೊಡೆದರು ಅಂತ ತಿಳ್ಕೋಬೇಡಿ. ಒಂದು ಕಡೆ ಅವರು ಸ್ವಂತ ತಲೆಯನ್ನೂ ಓಡಿಸಿದ್ದರು.

ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಪರದೆಯನ್ನು ತುಂಬುತ್ತೆ. ರಷ್ಯಾದ ಟಿವಿ 50 ಸಲ. ನಮ್ಮ ದೇಶದ ಹಳೇ ಟಿವಿಯೂ 50 ಸಲವೇ. ಆಟಗಳೆಲ್ಲ ಬರೆದಿದ್ದು 60ರ ಲೆಕ್ಕದಲ್ಲಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಸಿಗುವ ಚೂರು ಬಿಡುವಿನಲ್ಲಿ ಆಟ ತನ್ನ ಲೆಕ್ಕ ಮುಗಿಸಿಕೊಳ್ಳಬೇಕು. ಆ ತಾಳ ತಪ್ಪಿದರೆ ಚಿತ್ರ ಹರಿಯುತ್ತೆ, ಕೆಲವು ಆಟ ನಿಂತೇ ಹೋಗುತ್ತೆ. ನಿಂಟೆಂಡೋ ಯುರೋಪಿಗೆ ತನ್ನ ಯಂತ್ರ ಕಳಿಸಿದಾಗ ಚಿಪ್‌ಗಳ ತಾಳವನ್ನೇ ಬದಲಾಯಿಸಿತು. ಹಾಗಾಗಿ ಯುರೋಪಿಗೆ ಆಟಗಳನ್ನು ಹೊಂದಿಸಿ ಕೊಡಬೇಕಾಗುತ್ತಿತ್ತು. ತೈವಾನ್ ಎಂಜಿನಿಯರುಗಳು ಬೇರೆ ದಾರಿ ಹಿಡಿದರು. ಪರದೆ 50 ಸಲವೇ ತುಂಬಲಿ, ಆದರೆ ಲೆಕ್ಕದ ಚಿಪ್ಪಿಗೂ ಚಿತ್ರದ ಚಿಪ್ಪಿಗೂ ನಡುವಿನ ತಾಳ ಜಪಾನಿನದ್ದೇ ಇರಲಿ ಅಂತ ಹೊಂದಿಸಿದರು. ಆಟ ಕೊಂಚ ನಿಧಾನ ಓಡುತ್ತೆ, ಆದರೆ ಕೆಡಲ್ಲ. ಜಪಾನಿನ ಕ್ಯಾಸೆಟ್ಟಿನ ನಕಲನ್ನು ತಂದು ಸೀದಾ ಚುಚ್ಚಬಹುದು.

ಇವತ್ತು ಹಳೇ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ತಂತ್ರಾಂಶಗಳಿವೆಯಲ್ಲ, ಅವುಗಳಲ್ಲಿ ಹಲವು ಯಾವ ಯಂತ್ರದ ತಾಳ ಬೇಕು ಅಂತ ನಿಮ್ಮನ್ನು ಕೇಳುತ್ತವೆ. ಮೂರು ಆಯ್ಕೆ. ಜಪಾನ್-ಅಮೆರಿಕದ ಎನ್‌ಟಿಎಸ್‌ಸಿ, ಯುರೋಪಿನ ಪಾಲ್, ಮೂರನೆಯದು ಡೆಂಡಿ! ನಕಲಿ ಪೆಟ್ಟಿಗೆಯೊಂದರ ಹೆಸರು ತಾಂತ್ರಿಕ ಮಾನದಂಡದ ಹೆಸರಾಗಿ ಕೂತಿದೆ.

ಈಗ ಬನ್ನಿ ಮಾಸ್ಕೋಗೆ. 1992. ಸೋವಿಯತ್ ಒಕ್ಕೂಟ ಬಿದ್ದು ಒಂದು ವರ್ಷ ಕೂಡ ಆಗಿಲ್ಲ. ಜನವರಿ 2ರಂದು ಸರ್ಕಾರ ಬೆಲೆಗಳ ಮೇಲಿನ ಹಿಡಿತ ಬಿಟ್ಟುಬಿಡ್ತು. ಆ ಒಂದೇ ವರ್ಷದಲ್ಲಿ ಬೆಲೆಗಳು ಇಪ್ಪತ್ತೈದು ಪಟ್ಟಿಗೂ ಮೇಲೆ ಏರಿದವು. ಜೀವಮಾನವಿಡೀ ಉಳಿಸಿದ ದುಡ್ಡು ಅಜ್ಜಿಯರ ಕಣ್ಣೆದುರೇ ಕರಗಿಹೋಯಿತು. ಮೆಟ್ರೋ ನಿಲ್ದಾಣಗಳ ಬಾಗಿಲಲ್ಲಿ ಜನ ಸಾಲಾಗಿ ನಿಂತು ಮನೆಯ ಸಾಮಾನು ಮಾರುತ್ತಿದ್ದ ಕಾಲ.

ಇಂಥ ಹೊತ್ತಿನಲ್ಲಿ ವಿಕ್ಟರ್ ಸವ್ಯುಕ್ ಅನ್ನೋ ಯುವಕನಿಗೆ ಹೊಳೆದಿದ್ದೇನು? ಮಕ್ಕಳ ಆಟದ ಪೆಟ್ಟಿಗೆ ಮಾರೋಣ ಅಂತ! ಅವನು ಕೆಲಸ ಮಾಡುತ್ತಿದ್ದ ಪ್ಯಾರಾಗ್ರಾಫ್ ಅನ್ನೋ ಕಂಪ್ಯೂಟರ್ ಕಂಪನಿಗೆ ಇದು ರುಚಿಸಲಿಲ್ಲ. ಅವನು ಸ್ಟೀಪ್ಲರ್ ಬಾಗಿಲು ತಟ್ಟಿದ. ಸ್ಟೀಪ್ಲರ್ ಕೂಡ ಕಂಪ್ಯೂಟರ್ ವ್ಯಾಪಾರದ ಕಂಪನಿಯೇ. ಅವರು ನೋಡೇಬಿಡೋಣ ಅಂದರು.

ನಿಂಟೆಂಡೋದ ಅಸಲಿ ಪೆಟ್ಟಿಗೆಯನ್ನೇ ತರಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆಗ ನಿಂಟೆಂಡೋಗೆ ರಷ್ಯಾದಲ್ಲಿ ಅಂಗಡಿಯೇ ಇರಲಿಲ್ಲ. ಸಂಬಳದ ರೂಬಲ್ ಬೆಣ್ಣೆಯಂತೆ ಕರಗುವ ದೇಶದಲ್ಲಿ ಡಾಲರ್ ಬೆಲೆಯ ಅಸಲಿ ಆಟಿಕೆ ಯಾರು ಕೊಳ್ತಾರೆ? ತೈವಾನ್ ಪೆಟ್ಟಿಗೆಯ ಬೆಲೆಯಾದರೆ ಮಧ್ಯಮ ವರ್ಗ ಕಷ್ಟಪಟ್ಟು ಮುಟ್ಟಬಹುದಿತ್ತು.

1992ರ ಡಿಸೆಂಬರ್ 17ರಂದು ಡೆಂಡಿ ಮಾರುಕಟ್ಟೆಗೆ ಬಂತು. ಆನೆಯ ಚಿತ್ರ ಬರೆದವರು ಇವಾನ್ ಮಾಕ್ಸಿಮೊವ್, ಅನಿಮೇಷನ್ ಚಿತ್ರಗಳ ನಿರ್ದೇಶಕ. ಹೆಸರು, ಆನೆ, ಟಿವಿ ಜಾಹೀರಾತು, ಅಂಗಡಿಗಳು, ಊರೂರಿಗೆ ಡೀಲರುಗಳು, ರಿಪೇರಿಗೆ ಜಾಗ. ನಕಲಿ ಮಾಲು ಮಾರುವವನು ಸಾಮಾನ್ಯವಾಗಿ ಏನು ಮಾಡ್ತಾನೆ? ಪೆಟ್ಟಿಗೆ ಕೊಟ್ಟು, ದುಡ್ಡು ಎಣಿಸಿಕೊಂಡು, ನಾಳೆ ಬೆಳಿಗ್ಗೆ ಆ ಜಾಗದಲ್ಲೇ ಇರಲ್ಲ. ಸ್ಟೀಪ್ಲರ್ ಅಲ್ಲೇ ಇತ್ತು. ಮೋಸದ ಮೇಲೆ ಮೋಸ ತಿನ್ನುತ್ತಿದ್ದ ಆ ದೇಶದಲ್ಲಿ, ಮಾರಿದ ಮೇಲೂ ಅಂಗಡಿ ತೆರೆದಿರುತ್ತೆ ಅನ್ನೋದೇ ದೊಡ್ಡ ಜಾಹೀರಾತು.

ಆಮೇಲೆ ಡೆಂಡಿ ಹೆಸರಿನದ್ದೇ ಪತ್ರಿಕೆ ಬಂತು. ಯಾವ ಆಟ ಹೇಗೆ ಗೆಲ್ಲೋದು, ಯಾವ ಗುಟ್ಟಿನ ಬಾಗಿಲು ಎಲ್ಲಿದೆ ಅಂತ ಮಕ್ಕಳಿಗೆ ಹೇಳಿಕೊಡುವ ಪತ್ರಿಕೆ. 1994ರಲ್ಲಿ ಟಿವಿ ಕಾರ್ಯಕ್ರಮವೇ ಶುರುವಾಯಿತು. "ಡೆಂಡಿ: ಹೊಸ ವಾಸ್ತವ" ಅಂತ ಹೆಸರು. ನಡೆಸಿಕೊಟ್ಟವರು ಸೆರ್ಗೆಯ್ ಸುಪೊನೆವ್. ಮೊದಲು 2x2 ವಾಹಿನಿ, ನಂತರ ದೇಶದ ದೊಡ್ಡ ವಾಹಿನಿ ಓಆರ್‌ಟಿ. ಟಿವಿ ಮುಂದೆ ಕೂತು ಮಾತಾಡೋದು ನನ್ನ ಕಸುಬು, ಹಾಗಾಗಿ ಈ ಮನುಷ್ಯನ ಬಗ್ಗೆ ಒಂದು ಮಾತು. ಸುಪೊನೆವ್ ಮಕ್ಕಳ ಜೊತೆ ಮಕ್ಕಳಾಗಿ ಮಾತಾಡುತ್ತಿದ್ದರು. ಮೇಷ್ಟ್ರ ಗತ್ತು ಇರಲಿಲ್ಲ. 2001ರ ಡಿಸೆಂಬರ್‌ನಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಅಪಘಾತದಲ್ಲಿ ತೀರಿಕೊಂಡರು. 90ರ ದಶಕದಲ್ಲಿ ಮಕ್ಕಳಾಗಿದ್ದ ರಷ್ಯನ್ನರು ಇವತ್ತಿಗೂ ಅವರ ಹೆಸರು ಹೇಳಿದರೆ ಒಂದು ಕ್ಷಣ ಸುಮ್ಮನಾಗ್ತಾರೆ.

1994ರ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಡೆಂಡಿ ಮಾರಾಟವಾಗಿತ್ತು. ರಷ್ಯಾದಲ್ಲಿ ಆಟದ ಪೆಟ್ಟಿಗೆ ಅಂದರೇನೇ ಡೆಂಡಿ ಅನ್ನೋ ಹಾಗಾಯಿತು. ನಮ್ಮಲ್ಲಿ ವನಸ್ಪತಿ ಅಂದರೆ ಡಾಲ್ಡಾ, ಫೋಟೋಕಾಪಿ ಅಂದರೆ ಜೆರಾಕ್ಸ್ ಆಯ್ತಲ್ಲ, ಹಾಗೆ.

ಸರಿ, ಇದೆಲ್ಲ ಕಾನೂನಿನ ಪ್ರಕಾರ ಏನು? ಕಂಪ್ಯೂಟರ್ ಪ್ರೋಗ್ರಾಮುಗಳನ್ನು ರಕ್ಷಿಸುವ ಕಾನೂನು ರಷ್ಯಾದಲ್ಲಿ ಬಂದಿದ್ದು 1992ರ ಸೆಪ್ಟೆಂಬರ್‌ನಲ್ಲಿ. ಅಂದರೆ ಡೆಂಡಿಗಿಂತ ಮೂರು ತಿಂಗಳು ಮೊದಲು. ಕೃತಿಸ್ವಾಮ್ಯದ ಕಾನೂನು 1993ರಲ್ಲಿ. ಅಂತಾರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ರಷ್ಯಾ ಸೇರಿದ್ದು 1995ರಲ್ಲಿ. ಮೊದಲು ಸಂತೆ ನೆರೆಯಿತು, ಆಮೇಲೆ ಪೊಲೀಸ್ ಚೌಕಿ ಕಟ್ಟಿದರು. ಕಾಗದದ ಮೇಲೆ ಕಾನೂನು ಇತ್ತು ಅಂತಲೇ ಇಟ್ಕೊಳ್ಳಿ, ದೂರು ಕೊಡಬೇಕಾದವನೇ ಊರಲ್ಲಿ ಇರಲಿಲ್ಲ.

ಆ ದೇಶಕ್ಕೆ ನಕಲು ಹೊಸದೂ ಅಲ್ಲ. 1984ರಲ್ಲೇ ಸೋವಿಯತ್ ಕಾರ್ಖಾನೆಗಳು ಎಲೆಕ್ಟ್ರಾನಿಕಾ ಅನ್ನೋ ಹೆಸರಿನಲ್ಲಿ ಒಂದು ಕೈಯಾಟಿಕೆ ಮಾಡಿದ್ದವು. ತೋಳ ಬುಟ್ಟಿ ಹಿಡಿದು, ಉರುಳುವ ಮೊಟ್ಟೆಗಳನ್ನು ಹಿಡಿಯೋದು. ಬೆಲೆ 25 ರೂಬಲ್. ಅದು ನಿಂಟೆಂಡೋದ 1981ರ "ಎಗ್" ಆಟದ ನಕಲು. ಸಾವಿರ ಅಂಕ ಹೊಡೆದರೆ ಕಾರ್ಟೂನ್ ಸಿನಿಮಾ ಬರುತ್ತೆ ಅಂತ ಮಕ್ಕಳಲ್ಲಿ ವದಂತಿ. ಎಷ್ಟೋ ಮಕ್ಕಳು ಕಣ್ಣು ಕೆಂಪಾಗಿಸಿಕೊಂಡರು. ಸಿನಿಮಾ ಬರಲಿಲ್ಲ ಬಿಡಿ.

ಆದರೆ ಈ ಕಥೆಯ ಅತಿ ದೊಡ್ಡ ತಮಾಷೆ ಬೇರೆ ಇದೆ. ಅದೇ 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸೆಯ್ ಪಾಜಿಟ್ನೊವ್ ಒಂದು ಆಟ ಬರೆದರು. ಟೆಟ್ರಿಸ್! ಅದು ಹೊರದೇಶಗಳಿಗೆ ಹಬ್ಬಿತು. ಹಕ್ಕು ಯಾರದು ಅಂತ ಕಂಪನಿಗಳ ನಡುವೆ ಕಿತ್ತಾಟವಾಯಿತು. 1989ರಲ್ಲಿ ನಿಂಟೆಂಡೋ ಅಮೆರಿಕ ಶಾಖೆಯ ಮುಖ್ಯಸ್ಥರು ಖುದ್ದು ಮಾಸ್ಕೋಗೆ ಬಂದು, ಎಲೋರ್ಗ್ ಅನ್ನೋ ಸರ್ಕಾರಿ ಸಂಸ್ಥೆಯ ಜೊತೆ ಕೂತು, ಕಾನೂನುಬದ್ಧವಾಗಿ ಹಕ್ಕು ಬರೆಸಿಕೊಂಡು ಹೋದರು. ಕೈಯಲ್ಲಿ ಹಿಡಿಯುವ ಗೇಮ್ ಬಾಯ್ ಜೊತೆ ಟೆಟ್ರಿಸ್ ಸೇರಿಸಿ ಕೊಟ್ಟರು. ಕೋಟಿಗಟ್ಟಲೆ ಮಾರಿದರು.

ಇನ್ನು ಅದನ್ನು ಬರೆದ ಪಾಜಿಟ್ನೊವ್? ಹಕ್ಕು ಸರ್ಕಾರದ ಕೈಯಲ್ಲಿತ್ತು. ಅವರಿಗೆ ರಾಯಧನ ಬರಲು ಶುರುವಾಗಿದ್ದು 1996ರಲ್ಲಿ. ಹನ್ನೆರಡು ವರ್ಷ!

ಲೆಕ್ಕ ಹಾಕಿ. ಮಾಸ್ಕೋದ ಆಟವನ್ನು ನಿಂಟೆಂಡೋ ಪೂರ್ತಿ ಕಾನೂನುಬದ್ಧವಾಗಿ ಮಾರಿತು, ಬರೆದವನಿಗೆ ದುಡ್ಡು ಸಿಗಲಿಲ್ಲ. ನಿಂಟೆಂಡೋದ ಯಂತ್ರವನ್ನು ಮಾಸ್ಕೋ ನಕಲಿಯಾಗಿ ಮಾರಿತು, ನಿಂಟೆಂಡೋಗೆ ದುಡ್ಡು ಸಿಗಲಿಲ್ಲ. ಒಂದಕ್ಕೊಂದು ಸರಿಹೋಯಿತು ಅಂತ ನಾನು ಹೇಳ್ತಿಲ್ಲ. ನಿಂಟೆಂಡೋ ಕಾಗದ ಮಾಡಿಸಿಕೊಂಡಿತ್ತು, ಮಾಸ್ಕೋ ಮಾಡಿಸಿಕೊಂಡಿರಲಿಲ್ಲ. ಆ ಕಾಗದದ ಬೆಲೆ ಏನು ಅನ್ನೋದು ಸ್ಟೀಪ್ಲರ್‌ಗೆ ಬೇಗನೇ ಗೊತ್ತಾಯಿತು.

ಈಗ ಕಥೆಯ ತಿರುವು. ತನ್ನ ಮಾಲಿನ ನಕಲು ಮಾರುವವನನ್ನು ಕಂಡರೆ ಅಸಲಿ ಒಡೆಯ ಏನು ಮಾಡಬೇಕು? ಕೋರ್ಟಿಗೆ ಹೋಗಬೇಕು. ನಿಂಟೆಂಡೋ ಏನು ಮಾಡಿತು ಗೊತ್ತಾ? ಕೈ ಕುಲುಕಿತು! 1994ರ ನವೆಂಬರ್‌ನಲ್ಲಿ ಸ್ಟೀಪ್ಲರ್ ಜೊತೆ ಒಪ್ಪಂದ. ನಿಂಟೆಂಡೋದ ಹೊಸ ಸೂಪರ್ ಪೆಟ್ಟಿಗೆಯನ್ನೂ ಗೇಮ್ ಬಾಯ್‌ಯನ್ನೂ ರಷ್ಯಾದಲ್ಲಿ ಮಾರುವ ಅಧಿಕಾರ ಸ್ಟೀಪ್ಲರ್‌ಗೆ. ಡೆಂಡಿಯ ವಿಷಯದಲ್ಲಿ ನಿಂಟೆಂಡೋ ತಕರಾರು ಎತ್ತೋದಿಲ್ಲ.

ಯಾಕೆ ಹೀಗೆ? ವ್ಯಾಪಾರದ ಕಣ್ಣಿನಿಂದ ನೋಡಿ. ನಿಂಟೆಂಡೋಗೆ ರಷ್ಯಾದಲ್ಲಿ ಅಂಗಡಿ ಇಲ್ಲ, ಜನಕ್ಕೆ ಪರಿಚಯ ಇಲ್ಲ. ಸ್ಟೀಪ್ಲರ್ ಹತ್ತಿರ ಅಂಗಡಿ ಇದೆ, ಡೀಲರ್ ಇದ್ದಾರೆ, ಟಿವಿ ಕಾರ್ಯಕ್ರಮ ಇದೆ, ಲಕ್ಷಾಂತರ ಮಕ್ಕಳ ಮನಸ್ಸಿನಲ್ಲಿ ಜಾಗ ಇದೆ. ಸ್ಟೀಪ್ಲರ್ ನಕಲು ಮಾಡಿದ್ದು ಪೆಟ್ಟಿಗೆಯನ್ನ. ಮಾರುಕಟ್ಟೆಯನ್ನ ಅಲ್ಲ. ಅದನ್ನು ಅವರು ನಿಜವಾಗಿ ಕಟ್ಟಿದ್ದರು.

ಹಾಗಾದರೆ ಗೆದ್ದರು, ಸುಖಾಂತ್ಯ ಅಂತೀರಾ? ಇಲ್ಲ.

ಬೆಂಗಳೂರಿನವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳ್ತೀನಿ. ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿದವರನ್ನು ನೋಡಿದ್ದೀರಲ್ಲ. ಮನೆ ಗಟ್ಟಿಮುಟ್ಟು. ಗ್ರಾನೈಟ್ ನೆಲ, ತೇಗದ ಬಾಗಿಲು. ಕಟ್ಟಿದವನ ಬೆವರು ಸುಳ್ಳಲ್ಲ. ಆದರೆ ಕಾಗದ ಸರಿ ಇಲ್ಲ. ಪಕ್ಕದ ಜಾಗದಲ್ಲಿ ಇನ್ನೊಬ್ಬ ಬಂದು ತಗಡಿನ ಶೆಡ್ ಹಾಕಿದರೆ, "ಏಯ್, ಇದು ನಮ್ಮ ಏರಿಯಾ" ಅಂತ ಕೂಗಬಹುದು. ಆದರೆ ಯಾವ ಕಾಗದ ತೋರಿಸ್ತೀಯಾ?

ಡೆಂಡಿಗೆ ಆಗಿದ್ದು ಅದೇ. ಡೆಂಡಿ ಅನ್ನೋ ಹೆಸರು ಸ್ಟೀಪ್ಲರ್‌ದು, ಆನೆ ಸ್ಟೀಪ್ಲರ್‌ದು. ಒಳಗಿನ ಯಂತ್ರ? ಅದು ಯಾರ ಅಪ್ಪನ ಆಸ್ತಿಯೂ ಅಲ್ಲ ಅನ್ನೋ ತರ್ಕದ ಮೇಲೇ ಇಡೀ ವ್ಯಾಪಾರ ನಿಂತಿತ್ತಲ್ಲ. ಹಾಗಾಗಿ ಬೇರೆಯವರೂ ಏಷ್ಯಾದಿಂದ ಅದೇ ಯಂತ್ರ ತಂದರು. ಕೆಂಗಾ ಬಂತು, ಚೀನಾದ ಸುಬೋರ್ ಬಂತು, ಹೆಸರೇ ಇಲ್ಲದ ನೂರಾರು ಬಂದವು. ಡೆಂಡಿಗೆ ಹೊಂದುವ ಕ್ಯಾಸೆಟ್ ಎಲ್ಲಕ್ಕೂ ಹೊಂದುತ್ತಿತ್ತು. "ಒಂದರಲ್ಲಿ 9999 ಆಟ" ಅಂತ ಬರೆದ ಕ್ಯಾಸೆಟ್, ತೆರೆದರೆ ಅದದೇ ನಾಲ್ಕಾರು ಆಟ ಮತ್ತೆ ಮತ್ತೆ. ಅದು ನಮಗೂ ಗೊತ್ತಿರೋ ಮೋಸವೇ.

ಸ್ಟೀಪ್ಲರ್ ಟಿವಿ ಜಾಹೀರಾತಿಗೆ ದುಡ್ಡು ಸುರಿದು ಮಕ್ಕಳಲ್ಲಿ ಆಸೆ ಹುಟ್ಟಿಸಬೇಕು. ಆ ಆಸೆ ಹೊತ್ತು ಸಂತೆಗೆ ಹೋದ ಅಪ್ಪ, ಕಡಿಮೆ ಬೆಲೆಗೆ ಸಿಗುವ ಹೆಸರಿಲ್ಲದ ಪೆಟ್ಟಿಗೆ ಕೊಳ್ತಾನೆ. ಮನೆಗೆ ತಂದು ಮಗನಿಗೆ ಹೇಳ್ತಾನೆ, "ತಗೋ, ಡೆಂಡಿ." ಹೆಸರು ಸಾಮಾನ್ಯ ನಾಮಪದ ಆಗೋದು ಹೆಮ್ಮೆಯ ವಿಷಯ ಅಂದೆನಲ್ಲ, ಅದರ ಇನ್ನೊಂದು ಮುಖ ಇದು. ಎಲ್ಲವೂ ಡೆಂಡಿ ಆದಮೇಲೆ, ಡೆಂಡಿಗೆ ಯಾಕೆ ಹೆಚ್ಚು ದುಡ್ಡು ಕೊಡಬೇಕು?

ನಡುವೆ ಇನ್ನೊಂದು ಹೊಡೆತ. 1994ರ ಅಕ್ಟೋಬರ್ 11. ರಷ್ಯನ್ನರು ಅದನ್ನು ಕಪ್ಪು ಮಂಗಳವಾರ ಅಂತಾರೆ. ಮಾಸ್ಕೋ ವಿನಿಮಯ ಕೇಂದ್ರದಲ್ಲಿ ಒಂದೇ ದಿನಕ್ಕೆ ಡಾಲರ್ 3081 ರೂಬಲ್‌ನಿಂದ 3926ಕ್ಕೆ ಹಾರಿತು. ಡಾಲರ್ ಕೊಟ್ಟು ತಂದು ರೂಬಲ್‌ಗೆ ಮಾರುವ ಯಾವ ವ್ಯಾಪಾರಿಯ ಎದೆಯೂ ಧಸಕ್ಕೆನ್ನದೆ ಇರಲ್ಲ. ಕೆಲವು ದಿನಗಳಲ್ಲಿ ರೂಬಲ್ ಚೇತರಿಸಿಕೊಂಡಿತು ನಿಜ. ಆದರೆ ನಾಳೆ ಬೆಳಿಗ್ಗೆ ಏನಾಗುತ್ತೋ ಗೊತ್ತಿಲ್ಲದ ದೇಶದಲ್ಲಿ ಆಮದು ವ್ಯಾಪಾರ ಹೇಗಿರುತ್ತೆ ಅನ್ನೋದಕ್ಕೆ ಆ ಒಂದು ದಿನ ಸಾಕು.

1996ರಲ್ಲಿ ಸ್ಟೀಪ್ಲರ್ ಬಾಗಿಲು ಹಾಕಿತು. ನಾಲ್ಕೇ ವರ್ಷ. ಟಿವಿ ಕಾರ್ಯಕ್ರಮವೂ ಮುಗಿಯಿತು. ನಿಂಟೆಂಡೋದ ಅಧಿಕೃತ ವಿತರಕ ಅನ್ನೋ ಕಾಗದ ಕೊನೆಗೂ ಕೈಗೆ ಬಂದಿತ್ತು. ಆದರೆ ಬಂದಾಗ ತಡವಾಗಿತ್ತು. ಇದೂ ರೆವಿನ್ಯೂ ಸೈಟಿನ ಕಥೆಯೇ ಅಲ್ವೇ?

ಇಲ್ಲಿಗೆ ನಿಲ್ಲಿಸಿದರೆ ನೀತಿಕಥೆ ಆಗಿಬಿಡುತ್ತೆ, ನಕಲು ಮಾಡಿದವನು ಕೆಟ್ಟ ಅಂತ. ಜೀವನ ಅಷ್ಟು ಸರಳ ಅಲ್ಲ. ಚೀನಾದ ಸುಬೋರ್ ಅಂದೆನಲ್ಲ, ಅದರ ಕಥೆ ಕೇಳಿ.

ಸುಬೋರ್ ಕೂಡ ಅದೇ ಫ್ಯಾಮಿಕಾಂ ನಕಲು. ಆದರೆ ಅವರು ಒಂದು ಉಪಾಯ ಮಾಡಿದರು. ಪೆಟ್ಟಿಗೆಗೆ ಕೀಬೋರ್ಡ್ ಜೋಡಿಸಿ "ಕಲಿಕಾ ಯಂತ್ರ" ಅಂತ ಕರೆದರು. ಟೈಪಿಂಗ್ ಕಲಿಯಬಹುದು, ಚೂರುಪಾರು ಪ್ರೋಗ್ರಾಮ್ ಬರೆಯಬಹುದು, ಜೊತೆಗೆ ಆಟ. ಅಪ್ಪ-ಅಮ್ಮನಿಗೆ ಓದು ಕಾಣಿಸಿತು, ಮಗನಿಗೆ ಮಾರಿಯೋ ಕಾಣಿಸಿದ. ನಟ ಜಾಕಿ ಚಾನ್ ಜಾಹೀರಾತು ಮಾಡಿದರು. ಆ ಕಂಪನಿಯನ್ನು ಮುನ್ನಡೆಸುತ್ತಿದ್ದವರು ದುವಾನ್ ಯೊಂಗ್‌ಪಿಂಗ್. 1995ರಲ್ಲಿ ಅವರು ಸುಬೋರ್ ಬಿಟ್ಟು ಬಿಬಿಕೆ ಅನ್ನೋ ಸ್ವಂತ ಕಂಪನಿ ಕಟ್ಟಿದರು. ಅದೇ ಬಳಗದಿಂದ ಮುಂದೆ ಹುಟ್ಟಿದ ಫೋನುಗಳು ಯಾವುವು ಗೊತ್ತಾ? ಒಪ್ಪೋ ಮತ್ತು ವಿವೋ. 2017ರಲ್ಲಿ ಟೀಮ್ ಇಂಡಿಯಾ ಜೆರ್ಸಿಯ ಎದೆ ಮೇಲೆ ಇದ್ದ ಹೆಸರು ಒಪ್ಪೋ. ಐಪಿಎಲ್ ಹೆಸರಿನ ಮುಂದೆ ಹಲವು ವರ್ಷ ಕೂತಿದ್ದು ವಿವೋ. ನಿಮ್ಮಲ್ಲಿ ಕೆಲವರು ಈ ಮಾತನ್ನು ಅದೇ ಫೋನಿನಲ್ಲಿ ನೋಡಿರಲೂಬಹುದು.

ನಕಲಿ ಆಟದ ಪೆಟ್ಟಿಗೆಯಲ್ಲಿ ಕಸುಬು ಕಲಿತವನು, ಹೊರಬಂದು ತನ್ನದೇ ಜಾಗದಲ್ಲಿ ಮನೆ ಕಟ್ಟಿದ. ಸ್ಟೀಪ್ಲರ್ ಬೇರೆಯವರ ಜಾಗದಲ್ಲೇ ಇನ್ನೊಂದು ಮಹಡಿ ಏರಿಸುತ್ತಾ ಹೋಯಿತು. ವ್ಯತ್ಯಾಸ ಇಷ್ಟೇ. ನಕಲು ಮಾಡಿ ಕಲಿಯೋದು ಹೊಸದಲ್ಲ, ಎಲ್ಲ ದೇಶಗಳೂ ಮಾಡಿವೆ. ಮಗು ಕೂಡ ಅಕ್ಷರ ತಿದ್ದಿಯೇ ಬರೆಯೋದು ಕಲಿಯುತ್ತೆ. ಆದರೆ ಎಷ್ಟು ವರ್ಷ ತಿದ್ದುತ್ತಾ ಕೂರ್ತೀಯಾ ಅನ್ನೋದೇ ಪ್ರಶ್ನೆ.

ಅಸಲಿ ಒಡೆಯರಿಗೂ ಒಂದು ಪ್ರಶ್ನೆ ಇದೆ. ಬಡವರ ಊರಿಗೆ ನಾವು ಬರಲ್ಲ, ಆ ಬೆಲೆಗೆ ಕೊಡಲ್ಲ ಅಂತ ಕೂತರೆ, ಆ ಊರಿನ ಮಕ್ಕಳು ಆಟ ಆಡದೇ ಇರ್ತಾರಾ? ಖಾಲಿ ಬಿಟ್ಟ ಜಾಗಕ್ಕೆ ಯಾರಾದರೂ ಬಂದೇ ಬರ್ತಾರೆ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ನಂತರ ನಿಂಟೆಂಡೋ, ಸೋನಿ, ಮೈಕ್ರೋಸಾಫ್ಟ್ ಮೂರೂ ರಷ್ಯಾಕ್ಕೆ ಮಾಲು ಕಳಿಸೋದನ್ನು ನಿಲ್ಲಿಸಿದವು. ಅದೇ ತಿಂಗಳು ರಷ್ಯಾ ಸರ್ಕಾರ ಸಮಾನಾಂತರ ಆಮದಿಗೆ ಅನುಮತಿ ಕೊಟ್ಟಿತು. ಅಂದರೆ, ಸರ್ಕಾರ ಪಟ್ಟಿ ಮಾಡಿದ ವಿದೇಶಿ ಬ್ರ್ಯಾಂಡ್‌ಗಳ ಅಸಲಿ ಮಾಲನ್ನು, ಬ್ರ್ಯಾಂಡ್ ಒಡೆಯನ ಒಪ್ಪಿಗೆ ಇಲ್ಲದಿದ್ದರೂ, ಮೂರನೇ ದೇಶದಿಂದ ತಂದು ಮಾರಬಹುದು. ಕಾರಣ ಈ ಸಲ ಬೇರೆ, ಯುದ್ಧದ ಪಾಪ ಬೇರೆ. ಆದರೆ ಒಡೆಯ ಇಲ್ಲದ ಅಂಗಡಿ, ಹಿಂಬಾಗಿಲಿನ ಮಾಲು. ಮೂವತ್ತು ವರ್ಷದಲ್ಲಿ ಚಕ್ರ ಒಂದು ಸುತ್ತು ತಿರುಗಿ ಹತ್ತಿರ ಹತ್ತಿರ ಅಲ್ಲಿಗೇ ಬಂತು.

ಕೊನೆಗೆ ಒಂದು ಮಾತು. ಕಂಪನಿ ಹೋಯಿತು, ದುಡ್ಡು ಹೋಯಿತು, ಒಪ್ಪಂದದ ಕಾಗದ ಹಳದಿಯಾಯಿತು. ಉಳಿದಿದ್ದೇನು? ಆ ಆನೆ. ಹಾಗೇ ಎಮ್ಯುಲೇಟರ್ ಪಟ್ಟಿಯಲ್ಲಿ ಮೂರನೇ ಸಾಲು. ನೀವು ಚಿಕ್ಕವರಿದ್ದಾಗ ಆಡಿದ ಹೆಸರಿಲ್ಲದ ಪೆಟ್ಟಿಗೆ ಹೇಗೆ ಓಡ್ತಿತ್ತೋ ಹಾಗೇ ಈಗ ಓಡಿಸಬೇಕಾ? ಒಮ್ಮೆ ಆ ಮೂರನೇ ಸಾಲು ಒತ್ತಿ ನೋಡಿ. ನಮ್ಮಲ್ಲಿಗೆ ಬಂದ ಅಂಥ ಪೆಟ್ಟಿಗೆಗಳಲ್ಲಿ ಎಷ್ಟೋ ಅದೇ ತಾಳದವು. ನಮಗೆ ಯಾರೂ ಹೇಳಿರಲಿಲ್ಲ ಅಷ್ಟೇ. ನಾವೂ ಡೆಂಡಿಯ ಮಕ್ಕಳೇ.

ಅಂದಹಾಗೆ, ಕ್ಯಾಸೆಟ್ಟಿಗೆ ಊದಿದರೆ ಸರಿಯಾಗುತ್ತೆ ಅನ್ನೋದೂ ಸುಳ್ಳು. ತೆಗೆದು ಮತ್ತೆ ಚುಚ್ಚಿದಾಗ ಪಿನ್ನುಗಳು ಸರಿಯಾಗಿ ಕೂತು ಕೆಲಸ ಮಾಡ್ತಿತ್ತು. ಊದಿದ ಉಸಿರಿನ ತೇವ ಪಿನ್ನುಗಳಿಗೆ ಹಾನಿಯನ್ನೇ ಮಾಡ್ತಿತ್ತು. ಮಾಸ್ಕೋದಿಂದ ಮಂಡ್ಯದವರೆಗೆ ಎಲ್ಲರೂ ಊದಿದ್ದೇ ಊದಿದ್ದು.